ಸಹಾಯ ಬೇಕು: 76ರ ಅಮ್ಮನಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಬಹುದೇ?

ಎಲ್ಲರಿಗೂ ನಮಸ್ಕಾರ. ಹಿಯರಿಂಗ್ ಏಡ್ ಹಾಕಿದರೂ ಅಮ್ಮನಿಗೆ ಈಗ ಸದ್ದು ಕೇಳುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ. ನಾಲ್ಕು ಜನ ಸೇರಿದ ಕಡೆ ಸುಮ್ಮನೆ ಕೂತುಬಿಡುತ್ತಾರೆ, ನೋಡಲಾಗುತ್ತಿಲ್ಲ. ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಇಂಪ್ಲಾಂಟ್ ಬೇಡ ಎನ್ನಬೇಕಿಲ್ಲ, ಆಪರೇಷನ್ ಮಾಡಿ ಒಳಗಿವಿಗೆ ಇಳಿಸುವ ಅದರ ಎಲೆಕ್ಟ್ರೋಡ್ (ತೆಳು ತಂತಿ) ನೇರವಾಗಿ ಶ್ರವಣ ನರವನ್ನೇ ಪ್ರಚೋದಿಸುತ್ತದೆ ಎಂದರು ಡಾಕ್ಟರು.

ಆಪರೇಷನ್ನಿಗಿಂತ ನನಗೆ ಆಮೇಲಿನದೇ ಚಿಂತೆ. ಗಾಯ ಮಾಗಿ ಸಾಧನ ಚಾಲೂ ಮಾಡಿದಾಗ ಮೊದಮೊದಲು ಧ್ವನಿ ಯಾಂತ್ರಿಕವಾಗಿ ಕೇಳುತ್ತದಂತೆ. ಮಾತು ಹಿಡಿಯಲು ಮಿದುಳಿಗೆ ತಿಂಗಳುಗಟ್ಟಲೆ ಅಭ್ಯಾಸ ಬೇಕಂತೆ. ಆಪರೇಷನ್ ಮಾಡಿದ ಕಿವಿಯಲ್ಲಿ ಉಳಿದಿರುವ ಅಲ್ಪಸ್ವಲ್ಪ ಶ್ರವಣವೂ ಹೋಗಬಹುದಂತೆ.

ಎಪ್ಪತ್ತು ದಾಟಿದ ಮೇಲೆ ಮಾಡಿಸಿಕೊಂಡವರು, ಅವರ ಮನೆಯವರು ಇದ್ದರೆ ದಯವಿಟ್ಟು ಹೇಳಿ: ಫೋನಿನಲ್ಲಿ ಮಾತಾಡಲು ಆಗುತ್ತಿದೆಯೇ? ಮನೆಯಲ್ಲಿ ಅಭ್ಯಾಸ ಹೇಗೆ ಮಾಡಿಸಿದಿರಿ? ಇನ್ನೊಂದು ಕಿವಿಗೆ ಹಿಯರಿಂಗ್ ಏಡ್ ಮುಂದುವರಿಸಿದಿರಾ?