ಆಂಟಿ ಟಿಪಿಒ 412 ಬಂದಿದೆ, ಮಗುವಿಗೆ ತೊಂದರೆ ಇದೆಯಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೀಗ 9 ವಾರ. ಹೋದ ವರ್ಷ ಎರಡು ತಿಂಗಳಿಗೇ ಅಬಾರ್ಷನ್ ಆಗಿತ್ತು. ಈ ಸಲ ಟಿಎಸ್‌ಎಚ್ 3.4, ಆಂಟಿ ಟಿಪಿಒ 412. ಲ್ಯಾಬಿನವರು 412ರ ಪಕ್ಕ ದಪ್ಪಗೆ ಬಾಣದ ಗುರುತು ಹಾಕಿದ್ದಾರೆ. 25 ಮೈಕ್ರೊಗ್ರಾಂ ಥೈರಾಯ್ಡ್ ಮಾತ್ರೆ ಬರೆದಿದ್ದಾರೆ. ಈ 412 ಇಳಿಸೋದು ಹೇಗೆ? ಥೈರಾಯ್ಡ್‌ಗೆ ಆಗಲ್ಲ, ಎಲೆಕೋಸು ಮನೆಗೇ ತರಬೇಡಿ ಅಂತಿದ್ದಾರೆ ಅತ್ತೆ.

ಉತ್ತರ: ಆ ಬಾಣವನ್ನು ಮರೆತುಬಿಡಿ ಮೇಡಂ. ನಾವು ಕಣ್ಣಿಡಬೇಕಾದ್ದು ಟಿಎಸ್‌ಎಚ್ 3.4ರ ಮೇಲೆ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಮಿದುಳಿನ ಬುಡದಿಂದ ಬರುವ ಹಾರ್ಮೋನು, ಗ್ರಂಥಿ ಸೋತರೆ ಅದು ಏರುತ್ತದೆ. ಆಂಟಿ ಟಿಪಿಒ ಅಂದರೆ ಆ ಗ್ರಂಥಿಯ ವಿರುದ್ಧ ಮೈ ಮಾಡುವ ಪ್ರತಿಕಾಯ, ನಾವು ಚಿಕ್ಕದಾಗಿ ಟಿಪಿಒ ಅಂತೀವಿ. ಮೈ ತನ್ನದೇ ಥೈರಾಯ್ಡ್ ಗ್ರಂಥಿಯ ಮೇಲೆ ಜಗಳಕ್ಕೆ ನಿಂತಿದೆ ಅಂತಷ್ಟೇ 412 ಹೇಳುತ್ತದೆ. ಅದನ್ನು ಇಳಿಸಲು ಮಾತ್ರೆ ಇಲ್ಲ, ಮತ್ತೆ ಮತ್ತೆ ಟೆಸ್ಟ್ ಮಾಡಿಸಿ ದುಡ್ಡು ಕಳೆಯಬೇಡಿ. ಆದರೆ ಬಸಿರಿನಲ್ಲಿ ಈ ಗ್ರಂಥಿ ಅರ್ಧದಷ್ಟು ಜಾಸ್ತಿ ಹಾರ್ಮೋನು ಮಾಡಬೇಕು. ಪೆಟ್ಟು ತಿಂದ ಗ್ರಂಥಿಗೆ ಅದು ಕಷ್ಟ. ಮೊದಲ ತಿಂಗಳುಗಳಲ್ಲಿ ಮಗುವಿಗೆ ನಿಮ್ಮದೇ ಹಾರ್ಮೋನು ಬೇಕು. ಅದಕ್ಕೇ 20 ವಾರದವರೆಗೆ ನಾಲ್ಕು ವಾರಕ್ಕೊಮ್ಮೆ, ಆಮೇಲೆ 30ನೇ ವಾರದ ಹೊತ್ತಿಗೆ ಒಮ್ಮೆ ಟಿಎಸ್‌ಎಚ್ ನೋಡಿಸಿ.

ಟಿಪಿಒ ಇರುವವರಲ್ಲಿ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ ಸ್ವಲ್ಪ ಜಾಸ್ತಿ ಕಾಣುತ್ತದೆ, ನಿಜ. ಮಾತ್ರೆ ಕೊಟ್ಟರೆ ತಪ್ಪುತ್ತದೆಯಾ? ಬ್ರಿಟನ್ನಿನಲ್ಲಿ ಇದನ್ನೇ ಪರೀಕ್ಷಿಸಿದರು, ಫಲಿತಾಂಶ 2019ರಲ್ಲಿ ಬಂತು. ಗರ್ಭಪಾತ ಆಗಿದ್ದ ಅಥವಾ ಮಕ್ಕಳಾಗದಿದ್ದ, ಟಿಎಸ್‌ಎಚ್ ಸರಿಯಿದ್ದ ಸುಮಾರು 950 ಹೆಂಗಸರು. ಅರ್ಧ ಜನಕ್ಕೆ ಬಸಿರಾಗುವ ಮೊದಲಿಂದಲೇ ದಿನಾ 50 ಮೈಕ್ರೊಗ್ರಾಂ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. ಮಗು ಪಡೆದವರು ಎರಡೂ ಕಡೆ 100ಕ್ಕೆ 37-38. ಹಾಗಾಗಿ ಹೋದ ವರ್ಷ ಮಾತ್ರೆ ತಗೊಂಡಿದ್ದರೆ ಉಳೀತಿತ್ತೇನೋ ಅಂತ ಕೊರಗಬೇಡಿ.

ಮತ್ತೆ ಈಗ್ಯಾಕೆ ಮಾತ್ರೆ? ಟಿಪಿಒ ಇದ್ದು ಟಿಎಸ್‌ಎಚ್ 2.5 ದಾಟಿದ್ದರೆ, ಅದು ಇನ್ನೂ ಏರಬಹುದು ಅಂತ ಕಡಿಮೆ ಡೋಸ್ ಶುರು ಮಾಡುವುದುಂಟು. ನಾನೂ ಮಾಡುತ್ತೇನೆ. ನೀವಾಗಿಯೇ ನಿಲ್ಲಿಸಬೇಡಿ. ಬೇಯಿಸಿದ ಎಲೆಕೋಸಿನ ಪಲ್ಯ ಧಾರಾಳವಾಗಿ ತಿನ್ನಿ, ಅತ್ತೆಯವರಿಗೆ ನಾನೇ ಹೇಳಿದೆ ಅನ್ನಿ. ಅಯೋಡಿನ್ ಉಪ್ಪು ಬಿಡಬೇಡಿ.

ಪ್ರಶ್ನೆ: ಮಾತ್ರೆ ಕಾಫಿ ಜೊತೆ ನುಂಗ್ತಿದ್ದೆ ಡಾಕ್ಟ್ರೇ.

ಉತ್ತರ: ಅಯ್ಯೋ! ಎದ್ದ ತಕ್ಷಣ ಬರೀ ನೀರಿನಲ್ಲಿ ತಗೊಳ್ಳಿ, ಕಾಫಿ ಒಂದು ಗಂಟೆ ಬಿಟ್ಟು. ಮುಂದೆ ಕಬ್ಬಿಣದ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಅವಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಇನ್ನೊಬ್ಬರು: ನನಗೂ ಟಿಪಿಒ ಇತ್ತು ಸರ್. ಹೆರಿಗೆಯಾಗಿ ನಾಲ್ಕು ತಿಂಗಳು. ಎದೆ ಢವಢವ, ಕೈ ನಡುಕ. ಬಾಣಂತಿ ಅಂದಮೇಲೆ ಇದೆಲ್ಲ ಇದ್ದದ್ದೇ ಅಂತಾರೆ ಅಮ್ಮ.

ಉತ್ತರ: ಇದ್ದದ್ದೇ ಅಂತ ಬಿಡಬೇಡಿ ತಾಯಿ. ಟಿಪಿಒ ಇರುವವರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಹೆರಿಗೆಯಾದ ವರ್ಷದೊಳಗೆ ಥೈರಾಯ್ಡ್ ಕೆಡುತ್ತದೆ. ಮೊದಲು ಹಾರ್ಮೋನು ಸೋರಿ ಹೀಗೆ ಢವಢವ, ಆಮೇಲೆ ಕಡಿಮೆಯಾಗಿ ಸುಸ್ತು, ಬೇಜಾರು. ಎಲ್ಲರಿಗೂ ಎರಡೂ ಆಗಲ್ಲ. ಗ್ರಂಥಿಯೇ ಅತಿಯಾಗಿ ಹಾರ್ಮೋನು ಮಾಡುವ ಗ್ರೇವ್ಸ್ ಕಾಯಿಲೆಯಲ್ಲೂ ಹೀಗೇ ಢವಢವ ಆಗುತ್ತದೆ, ಅದಕ್ಕೆ ಔಷಧಿಯೇ ಬೇರೆ. ಈ ವಾರವೇ ಡಾಕ್ಟರಿಗೆ ತೋರಿಸಿ, ಟಿಎಸ್‌ಎಚ್, ಟಿ4 (ಥೈರಾಯ್ಡ್ ಮಾಡುವ ಹಾರ್ಮೋನು) ಟೆಸ್ಟ್ ಮಾಡಿಸಿ. ಕೂದಲು ಉದುರುತ್ತೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಗೊಳ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ರಿಪೋರ್ಟೇ ತಪ್ಪು ಬರಬಹುದು.