ಅಂಡದ ಮೈಟೊಕಾಂಡ್ರಿಯಾ ಕೆಡಿಸಿದರೆ ಕ್ಯಾಲ್ಸಿಯಂ ಏರಿಳಿತ ನಿಲ್ಲೋದು ಯಾಕೆ?

ತುಮಕೂರು_ಬಯೋ:
ಸೆಮಿನಾರಿಗೆ ಇಲಿ ಅಂಡದ ಗ್ರಾಫ್ ಹಿಡ್ಕೊಂಡು ಕೂತಿದ್ದೇವೆ. ವೀರ್ಯಾಣು ಕೂಡಿದ ಮೇಲೆ 10–20 ನಿಮಿಷಕ್ಕೊಮ್ಮೆ ಕ್ಯಾಲ್ಸಿಯಂ ಏರಿ ಇಳೀತಿದೆ. ಮೈಟೊಕಾಂಡ್ರಿಯಾ ಪೊರೆಯ ವೋಲ್ಟೇಜ್ ಇಳಿಸೋ ಎಫ್‌ಸಿಸಿಪಿ ಅನ್ನೋ ಮದ್ದು ಹಾಕಿದ್ದೇ ತಡ, ತಳಮಟ್ಟ ಮೇಲೆದ್ದು ಏರಿಳಿತ ನಿಂತೇಹೋಗಿದೆ. ಮೈಟೊಕಾಂಡ್ರಿಯಾ ಕ್ಯಾಲ್ಸಿಯಂ ಹೀರುತ್ತೆ ಅಂತಲ್ವಾ? ಹೀರೋದು ನಿಂತರೆ ಶಿಖರ ಇನ್ನಷ್ಟು ಎತ್ತರ ಆಗಬೇಕಿತ್ತು. ಮೈಟೊಕಾಂಡ್ರಿಯಾದ ಉಸಿರು ಕಟ್ಟೋ ಸಯನೈಡ್ ಹಾಕಿದಾಗಲೂ, ಕ್ಯಾಲ್ಸಿಯಂ ಅಳೆಯೋ ಹೊಳೆಯುವ ಬಣ್ಣ ಫ್ಯೂರಾ-2ರ ಅನುಪಾತ ಏರಿದೆ.

ಕೋಲಾರ_ಕೆರೆ:
ಹೀರೋದು ಅದರ ಸಣ್ಣ ಕೆಲಸ, ಕರೆಂಟ್ ಕೊಡೋದು ದೊಡ್ಡದು. ವೀರ್ಯಾಣು ತಂದ ಪಿಎಲ್‌ಸಿ-ಝೀಟಾ ಅನ್ನೋ ಕಿಣ್ವದಿಂದ ಐಪಿ3 ಅನ್ನೋ ಸಂದೇಶದ ಅಣು ಹುಟ್ಟುತ್ತೆ, ಅದು ಇಆರ್ (ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣ) ಪೊರೆಯ ತೂಬು ಎತ್ತುತ್ತೆ, ಕ್ಯಾಲ್ಸಿಯಂ ತಾನಾಗೇ ಹೊರಗೆ ಹರಿಯುತ್ತೆ. ಖರ್ಚು ಬರೋದು ಅದನ್ನ ವಾಪಸ್ ಎತ್ತುವಾಗ. ನಮ್ಮ ಕಡೆ ಕೆ.ಸಿ. ವ್ಯಾಲಿ ನೀರು ಕೆರೆ ಸೇರೋದು ಪಂಪಿನಿಂದಲೇ ತಾನೆ? ಇಲ್ಲೂ ಸೆರ್ಕಾ ಅನ್ನೋ ಪಂಪು ಎಟಿಪಿ (ಕೋಶದ ಇಂಧನ) ಸುಟ್ಟು ಇಆರ್ ತುಂಬಬೇಕು. ಎಟಿಪಿ ಕುಸಿದರೆ ಹರಿದದ್ದು ಕೋಶರಸದಲ್ಲೇ ನಿಲ್ಲುತ್ತೆ. ತಳ ಏರಿದ್ದು ಅದಕ್ಕೇ, ಮುಂದಿನ ಅಲೆಗೆ ದಾಸ್ತಾನೂ ಇಲ್ಲ.

ಬೇರೆ ಕೋಶವಾಗಿದ್ದರೆ ಗ್ಲೂಕೋಸಿನಿಂದ ಒಂದಷ್ಟು ಹೊತ್ತು ತಳ್ಳುತ್ತಿತ್ತು. ಇಲಿ ಅಂಡಕ್ಕೆ ಆ ದಾರಿ ತೀರಾ ದುರ್ಬಲ, ಮೈಟೊಕಾಂಡ್ರಿಯಾ ಉರಿಸೋ ಪೈರುವೇಟ್ ಬೇಕೇ ಬೇಕು. ಅಂಡ ಇಡೋ ಎಂ2 ದ್ರಾವಣದಲ್ಲಿ 0.33 ಮಿಲಿಮೋಲಾರ್ ಪೈರುವೇಟ್ ಇರೋದು ಸುಮ್ಮನೆ ಅಲ್ಲ. ಪ್ರತಿ ಅಲೆಯಲ್ಲೂ ಒಂದಿಷ್ಟು ಕ್ಯಾಲ್ಸಿಯಂ ಮೈಟೊಕಾಂಡ್ರಿಯಾ ಒಳಹೊಕ್ಕು ಪೈರುವೇಟ್ ಡಿಹೈಡ್ರೋಜಿನೇಸ್ ಅನ್ನೋ ಕಿಣ್ವವನ್ನ ಚುರುಕು ಮಾಡುತ್ತೆ, ಎಲೆಕ್ಟ್ರಾನ್ ಹೊತ್ತು ತರೋ ಎನ್‌ಎಡಿಎಚ್ ಏರುತ್ತೆ, ಎಟಿಪಿ ಬರುತ್ತೆ. ತನ್ನ ಪಂಪಿಗೆ ಬೇಕಾದ ಕರೆಂಟನ್ನ ಕ್ಯಾಲ್ಸಿಯಂ ತಾನೇ ತರಿಸಿಕೊಂಡ ಹಾಗೆ.

ಚಿಕ್ಕಬಳ್ಳಾಪುರ_ಮೈಕ್ರೋಸ್ಕೋಪ್:
ಮೇಲಿನದು ಸರಿ. ಆದರೆ ಆ ಸಯನೈಡ್ ಗ್ರಾಫನ್ನ ಹಾಗೇ ನಂಬಬೇಡಿ. ಸಯನೈಡ್ ಬಿದ್ದರೆ ಎನ್‌ಎಡಿಎಚ್ ಖರ್ಚಾಗದೆ ಗುಡ್ಡೆ ಬೀಳುತ್ತೆ. ಅದು 340 ನ್ಯಾನೋಮೀಟರ್ ಬೆಳಕಿಗೆ ತಾನೇ ಹೊಳೆಯುತ್ತೆ, ಆ ಹೊಳಪಿನ ಬಾಲ ಫ್ಯೂರಾ-2ರ ಹೊಳಪನ್ನ ಅಳೆಯೋ 510 ನ್ಯಾನೋಮೀಟರ್‌ವರೆಗೂ ಚಾಚಿರುತ್ತೆ. ಹಾಗಾಗಿ ಕ್ಯಾಲ್ಸಿಯಂ ಕದಲದಿದ್ದರೂ 340/380 ಅನುಪಾತ (ಆ ಎರಡು ಬೆಳಕಿಗೆ ಬಂದ ಹೊಳಪುಗಳ ಭಾಗಲಬ್ಧ) ಸ್ವಲ್ಪ ಏರಬಹುದು. ಎಫ್‌ಸಿಸಿಪಿಯಲ್ಲಿ ಉಲ್ಟಾ, ಎನ್‌ಎಡಿಎಚ್ ಇಳಿಯುತ್ತೆ. ಹಾಗಿದ್ದೂ ನಿಮ್ಮ ತಳ ಏರಿದೆ ಅಂದರೆ ಆ ಏರಿಕೆ ನಿಜ. ಬಣ್ಣ ತುಂಬದ ಅಂಡಕ್ಕೂ ಅದೇ ಮದ್ದು ಹಾಕಿ, ಅದೇ ಎಕ್ಸ್‌ಪೋಷರಿನಲ್ಲಿ ಅಳೆದು, ಎರಡೂ ಚಾನೆಲ್‌ನಿಂದ ಕಳೆಯಿರಿ. ಬಣ್ಣ ಜಾಸ್ತಿ ತುಂಬಿದರೆ ಇನ್ನೊಂದು ತಂಟೆ: ಫ್ಯೂರಾ-2 ತಾನೇ ಕ್ಯಾಲ್ಸಿಯಂ ಹಿಡಿದಿಟ್ಟು ಶಿಖರವನ್ನ ಮೊಂಡು ಮಾಡುತ್ತೆ.

ತುಮಕೂರು_ಬಯೋ:
ಎಫ್‌ಸಿಸಿಪಿ ಒಂದನ್ನೇ ಇಟ್ಟುಕೊಂಡು "ಎಟಿಪಿ ತಯಾರಿ ನಿಂತಿತು" ಅಂತ ಬರೆದರೆ ನಡೆಯುತ್ತಾ ಸರ್?

ಕೋಲಾರ_ಕೆರೆ:
ನಡೆಯಲ್ಲ. ಎಫ್‌ಸಿಸಿಪಿ ಬಿದ್ದರೆ ಎಟಿಪಿ ತಯಾರಿಸೋ ಕಿಣ್ವ ಎಟಿಪಿ ಸಿಂಥೇಸ್ ಹಿಂದುಮುಂದಾಗಿ ತಿರುಗಿ ಇರೋ ಎಟಿಪಿಯನ್ನೂ ತಿನ್ನುತ್ತೆ. ಆ ಸಿಂಥೇಸನ್ನೇ ತಡೆಯೋ ಆಲಿಗೊಮೈಸಿನ್ ಜೊತೆಗೆ ಹಾಕಿದರೆ ಆ ತಿನ್ನೋದು ತಪ್ಪುತ್ತೆ. ಆಲಿಗೊಮೈಸಿನ್ ಒಂದನ್ನೇ ಹಾಕಿದ ಗ್ರಾಫೂ ಪಕ್ಕದಲ್ಲಿರಲಿ: ಪೊರೆಯ ವೋಲ್ಟೇಜ್ ಉಳಿದಿರುತ್ತೆ, ಅಂದರೆ ಕ್ಯಾಲ್ಸಿಯಂ ಹೀರಿಕೊಳ್ಳೋ ಶಕ್ತಿ ಇರುತ್ತೆ, ಎಟಿಪಿ ತಯಾರಿ ಮಾತ್ರ ಇರಲ್ಲ. ಅಲ್ಲೂ ಏರಿಳಿತ ನಿಂತರೆ ನಿಮ್ಮ ಹೀರಿಕೊಳ್ಳೋ ವಾದ ಬಿತ್ತು.