ಶರಣಾದ ಮೇಲೂ ಸಂಧ್ಯಾವಂದನೆ ಬೇಕಾ?

ಪ್ರಶ್ನೆ: ಜಯನಗರದಿಂದ ವೈಟ್‌ಫೀಲ್ಡ್‌ಗೆ ಬೆಳಗ್ಗೆ ಏಳಕ್ಕೇ ಕ್ಯಾಬ್ ಹಿಡೀಬೇಕು, ಸಂಧ್ಯಾವಂದನೆ ಅವಸರದಲ್ಲೇ ಮುಗಿಯುತ್ತೆ, ಮನಸ್ಸಿಗೆ ತುಂಬಾ ಬೇಜಾರು. ಗೀತೆ 18.66ರಲ್ಲಿ ಎಲ್ಲಾ ಧರ್ಮ ಬಿಟ್ಟು ನನಗೊಬ್ಬನಿಗೇ ಶರಣಾಗು ಅಂತಾನಲ್ಲ ಕೃಷ್ಣ, ಹಾಗಿದ್ರೆ ಸಂಧ್ಯಾವಂದನೆಯಂಥ ನಿತ್ಯಕರ್ಮ ಯಾಕೆ?

ಉತ್ತರ: ಅದೇ ಅಧ್ಯಾಯದ 5ನೇ ಶ್ಲೋಕಾನೂ ಓದಿ ಸಾರ್, ಯಜ್ಞ ದಾನ ತಪಸ್ಸು ಬಿಡಬಾರದು ಅಂತ ಅವನೇ ಹೇಳಿದಾನೆ, ಮುಂದಿನ ಶ್ಲೋಕದಲ್ಲಿ ಸಂಗ (ಅಂಟು), ಫಲದಾಸೆ ಎರಡೂ ಬಿಟ್ಟು ಮಾಡು ಅಂತಾನೆ, ಅಂದ್ರೆ ಬಿಡಬೇಕಾಗಿರೋದು ‘ನಾನು ಮಾಡ್ದೆ, ನಂಗೆ ಸಿಗ್ಲಿ’ ಅನ್ನೋದನ್ನ.

ಉತ್ತರ: ನಾವು ಶ್ರೀವೈಷ್ಣವರು. ಪ್ರಪತ್ತಿ (ಭಗವಂತನಿಗೆ ಪೂರ್ತಿ ಶರಣಾಗತಿ) ಆದವರೂ ನಿತ್ಯಕರ್ಮ ಮಾಡ್ತಾರೆ, ಮೋಕ್ಷದ ಉಪಾಯ ಅಂತಲ್ಲ, ಭಗವಂತನಿಗೆ ಕೈಂಕರ್ಯ, ಅಂದ್ರೆ ಸೇವೆ ಅಂತ.

ಉತ್ತರ: ಮಾಧ್ವರ ಮನೇಲೂ ಕೊನೆಗೆ ಕೃಷ್ಣಾರ್ಪಣ ಬಿಡ್ತೀವಿ. ಟೈಮ್ ಕಮ್ಮಿ ಇದ್ರೆ ಅರ್ಘ್ಯ, ಹತ್ತು ಗಾಯತ್ರಿ ಆದ್ರೂ ತಪ್ಪಿಸಬೇಡಿ, ದಯವಿಟ್ಟು.